ತಡಿಯೋ ನಡಿಯೋ

ಪ್ರಾಣೇಶ ಹೆಬ್ಬಳ್ಳಿ ತನ್ನ ಆಟದ ಕೊನೆಯ ಮೂರು ವರ್ಷ ಪಿಚ್ ಮೇಲೆ ಬಾಯಿ ತೆರೆಯಲಿಲ್ಲ. ರನ್ನಿಗೆ ಓಡುವಾಗ ಬ್ಯಾಟ್ಸ್‌ಮನ್ನರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾರೆ. ಬಾ ಎನ್ನುತ್ತಾರೆ, ಬೇಡ ಎನ್ನುತ್ತಾರೆ. ಹೆಬ್ಬಳ್ಳಿ ಮಾತ್ರ ಚೆಂಡನ್ನು ತಳ್ಳಿ, ತುಟಿ ಬಿಗಿದು, ಎಡಗೈ ಎತ್ತುತ್ತಿದ್ದ. ಅಂಗೈ ತೋರಿಸಿದರೆ ನಿಲ್ಲಬೇಕು. ಬೆರಳು ಮಡಿಚಿದರೆ ಓಡಬೇಕು. ಜೊತೆಗಾರ ಕೈಯನ್ನು ನೋಡಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ರನ್ ತಪ್ಪಿರುತ್ತಿತ್ತು. ಅವನ ಕ್ಲಬ್ಬಿನಲ್ಲಿ ಆಡುತ್ತಿದ್ದ ಬ್ಯಾಂಕ್ ಗುಮಾಸ್ತನೊಬ್ಬ ಒಂದು ಮಧ್ಯಾಹ್ನ ಪಿಚ್ ನಡುವೆ ನಿಂತು, "ಅರೇ ಹೆಬ್ಬಳ್ಳಿ, ಕಾಹೀತರಿ ಬೋಲ್ ನಾ, ಏನಾದ್ರೂ ಮಾತಾಡು" ಎಂದು ಕೈ ಮುಗಿದದ್ದನ್ನು ನಾನು ಬೌಂಡರಿ ಗೆರೆಯ ಪಕ್ಕ ಕೂತು ನೋಡಿದ್ದೇನೆ. ಹೆಬ್ಬಳ್ಳಿ ತಲೆಯಾಡಿಸಿ ತನ್ನ ಕ್ರೀಸಿಗೆ ಹಿಂದಿರುಗಿದ. ಮೈದಾನದ ಮಂದಿ ಅವನಿಗೆ ಮೌನಿಬುವಾ, ಅಂದರೆ ಮೌನಿ ಸ್ವಾಮಿ, ಎಂದು ಹೆಸರಿಟ್ಟಿದ್ದರು.

ವಿಲೆ ಪಾರ್ಲೆಯ ನಮ್ಮ ಚಾಳಿನಲ್ಲಿ ಈ ಹೆಸರು ಕೇಳಿದವರು ನಗುತ್ತಿದ್ದರು. ಮನೆಯಲ್ಲಿ ಅವನಷ್ಟು ಮಾತಾಡುವವರು ಇರಲಿಲ್ಲ. ನನ್ನ ಖೋಲಿಯಿಂದ ಎರಡು ಬಾಗಿಲು ಆಚೆಗೆ ಅವನೂ ಅವನ ತಾಯಿ ಭಾಗೀರಥಿಬಾಯಿಯೂ ಇದ್ದರು. ಧಾರವಾಡ ಬಿಟ್ಟು ಬಂದು ಹತ್ತು ವರ್ಷವಾಗಿದ್ದರೂ ಇಬ್ಬರ ಮಾತಿನಲ್ಲಿ ಧಾರವಾಡ ಒಂದಿಷ್ಟೂ ಸವೆದಿರಲಿಲ್ಲ. ನಾನು ಫೋರ್ಟಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕ್ರೀಡಾ ವರದಿಗಾರ. ಹೆಬ್ಬಳ್ಳಿ ನನ್ನನ್ನು ಪೇಪರ್‌ರಾಯರು ಎನ್ನುತ್ತಿದ್ದ. ನಾವು ಒಂದೇ ವಯಸ್ಸಿನವರು. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಅದನ್ನೇ ಇಲ್ಲಿಯೂ ಉಳಿಸಿಕೊಂಡಿದ್ದೇನೆ.

ಮಳೆಗಾಲದಲ್ಲಿ ಹೊರಗೆ ಅಭ್ಯಾಸ ಮಾಡಲಾಗದಾಗ ಹಳೆಯ ಕಾಲುಚೀಲದಲ್ಲಿ ಚೆಂಡು ತುಂಬಿ ಖೋಲಿಗಳ ಮುಂದಿನ ಗ್ಯಾಲರಿಯ ತೊಲೆಗೆ ಕಟ್ಟಿ ಬಾರಿಸುತ್ತಿದ್ದ. ಟಕ್, ಟಕ್, ಟಕ್. ಬೆಳಿಗ್ಗೆ ಆರಕ್ಕೆ ಶುರುವಾದರೆ ಆಫೀಸಿನ ಲೋಕಲ್ ಹಿಡಿಯುವ ಹೊತ್ತಿನವರೆಗೆ. ಕೆಳಗಿನ ಮಹಡಿಯ ಗುಜರಾತಿ ಮುದುಕರೊಬ್ಬರು ಆ ಸದ್ದು ನಿಂತ ದಿನ ಗಡಿಯಾರ ಕೆಟ್ಟಿತೇ ಎಂದು ಕೇಳುತ್ತಿದ್ದರಂತೆ. ಅವನು ಚೆಂಡನ್ನು ತೀರ ತಡವಾಗಿ ಆಡುತ್ತಿದ್ದ. ಇನ್ನೇನು ಸ್ಟಂಪಿಗೆ ಬಡಿಯಿತು ಎನ್ನುವಾಗ ಮಣಿಕಟ್ಟು ತಿರುಗಿಸಿ ಸ್ಲಿಪ್ಪಿನ ಪಕ್ಕದಿಂದ ಕಳಿಸುತ್ತಿದ್ದ. ಇಷ್ಟು ತಡ ಯಾಕೆ ಎಂದು ಒಮ್ಮೆ ಕೇಳಿದೆ.

"ಚೆಂಡು ಅಂದ್ರ ಮನಿಗೆ ಬರೋ ಬೀಗರು ಇದ್ಧಂಗ್ರಿ," ಎಂದ. "ಬಾಗಲದಾಗ ನಿಂತು ಬರ್ರಿ ಅನ್ನಬೇಕು. ಓಡಿಹೋಗಿ ಕೈ ಹಿಡಿದು ಜಗ್ಗಿದ್ರ ಏನ್ ಅವಸರ ಐತಿ ಇವಂಗ ಅಂತ ಸಂಶಯ ಪಡ್ತಾರ."

ಪ್ರತಿ ಬೌಲರನ ಬಗ್ಗೆಯೂ ಅವನಲ್ಲಿ ಇಂಥದೊಂದು ಮಾತು ಇರುತ್ತಿತ್ತು. ಒಬ್ಬ ಎತ್ತರದ ವೇಗಿಯನ್ನು "ಅಂವಾ ಏನೂ ಇಲ್ರಿ, ಬರೇ ಬ್ಯಾಂಡ್ ಬಾಜಾ, ಮದುವಿನss ಇಲ್ಲ" ಎಂದು ತಳ್ಳಿಹಾಕಿದ್ದ. ಮರುದಿನ ಅದೇ ವೇಗಿ ಅವನನ್ನು ಸೊನ್ನೆಗೆ ಬೌಲ್ಡ್ ಮಾಡಿದ. ಸಂಜೆ ಗ್ಯಾಲರಿಯಲ್ಲಿ ನನ್ನನ್ನು ಕಂಡವನೇ, "ನಿನ್ನೆ ಮದುವಿ ಆಗ್ಯದ್ರಿ ಅಂವಂದು" ಎಂದ.

ಪಿಚ್ ಮೇಲೂ ಅವನು ಮೊದಲಿನಿಂದ ಮೌನಿಯಾಗಿರಲಿಲ್ಲ. ಅವನ ಕ್ಲಬ್ಬಿಗೆ ವಾದಿರಾಜ ಕಲ್ಕೂರ ಬಂದ ಮೇಲೆ ಈ ಮಾತಿಗೆ ಒಬ್ಬ ಜೊತೆಗಾರ ಸಿಕ್ಕ. ಕಲ್ಕೂರ ಉಡುಪಿ ಕಡೆಯವನು, ಹೆಬ್ಬಳ್ಳಿಗಿಂತ ಐದಾರು ವರ್ಷ ಚಿಕ್ಕವನು; ಹೆಬ್ಬಳ್ಳಿ ಅವನನ್ನು ವಾದ್ಯಾ ಎನ್ನುತ್ತಿದ್ದ. ಸಾಂತಾಕ್ರೂಜ್ ಸ್ಟೇಷನ್ ಬಳಿ ಅವನ ಮಾವನ ಹೋಟೆಲು. ಬೆಳಿಗ್ಗೆ ಅಲ್ಲಿ ಗಲ್ಲಾದ ಮೇಲೆ ಕೂತು, ಹತ್ತರ ನಂತರ ಬ್ಯಾಟ್ ಹಿಡಿದು ಹೊರಡುತ್ತಿದ್ದ. ಮನೆಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಹೆಬ್ಬಳ್ಳಿಯ ಕನ್ನಡ ಅವನಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ನಗು ತರಿಸುತ್ತಿತ್ತು.

ಮುಂಬಯಿಯ ಮೈದಾನಗಳಲ್ಲಿ ಮರಾಠಿಯಲ್ಲಿ ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ. ಹಿಂದಿ, ಗುಜರಾತಿ, ಇಂಗ್ಲಿಷಿನದೂ ಅದೇ ಪಾಡು. ಅದಕ್ಕೆ ಕನ್ನಡದಲ್ಲೇ ಕೂಗಬೇಕು ಎಂದು ಹೆಬ್ಬಳ್ಳಿ ತೀರ್ಮಾನಿಸಿದ. ಎರಡೇ ಶಬ್ದ, ಎರಡೂ ಧಾರವಾಡದವು. ಓಡಬೇಕಾದರೆ "ನಡಿ". ನಿಲ್ಲಬೇಕಾದರೆ "ತಡಿ". ಆ ಪಾಠ ನಡೆದಾಗ ನಾನೂ ಇದ್ದೆ.

"ನಡಿ ಅಂದ್ರೆ ನಡೀಲಿಕ್ಕಾ, ಓಡ್ಲಿಕ್ಕಾ?" ಎಂದು ಕಲ್ಕೂರ ಕೇಳಿದ.

"ನಮ್ಮ ಕಡೆ ನಡಿ ಅಂದ್ರ ಓಡು."

"ಮತ್ತೆ ಓಡು ಅಂದ್ರೆ ಎಂತ ಪ್ರಾಣೇಶಣ್ಣ?"

"ಓಡು ಅಂದ್ರ ಬ್ಯಾಟು ಇಟ್ಟು ಮನಿಗೆ ಹೋಗು."

ಮಳೆಗಾಲದ ಲೀಗ್ ಪಂದ್ಯಗಳಲ್ಲಿ ಇದು ಅದ್ಭುತವಾಗಿ ನಡೆಯಿತು. ಒದ್ದೆ ಹುಲ್ಲು, ಕೆಸರು, ಬೆರಳೆಣಿಕೆಯ ಪ್ರೇಕ್ಷಕರು. ಒಬ್ಬ ಸಣ್ಣಗೆ "ನಡಿ" ಎಂದರೂ ಇನ್ನೊಬ್ಬನಿಗೆ ಕೇಳುತ್ತಿತ್ತು. ಇವರಿಬ್ಬರೂ ಕದ್ದ ರನ್ನುಗಳಿಂದ ಬೇಸತ್ತ ಎದುರಾಳಿ ನಾಯಕನೊಬ್ಬ, "ಹಾ ತಡಿ ಕೋಣ್ ಆಹೇ ರೇ, ಯಾರಪ್ಪಾ ಈ ತಡಿ, ಇವರ ತಂಡದಲ್ಲಿ ಆ ಹೆಸರಿನವನೇ ಇಲ್ಲವಲ್ಲ" ಎಂದು ಅಂಪೈರನ್ನು ಕೇಳಿದ. ಕಲ್ಕೂರ ನಕ್ಕು ನಕ್ಕು ಪಿಚ್ ಮೇಲೆ ಕೂತುಬಿಟ್ಟ. ಹೆಬ್ಬಳ್ಳಿಯ ಕರೆಯನ್ನು ಅವನು ಒಮ್ಮೆಯೂ ಮೀರಿದ್ದನ್ನು ನಾನು ನೋಡಲಿಲ್ಲ. ನಡಿ ಎಂದರೆ ತಲೆಯೆತ್ತಿ ಚೆಂಡು ಎಲ್ಲಿದೆ ಎಂದೂ ನೋಡುತ್ತಿರಲಿಲ್ಲ, ಓಡುತ್ತಿದ್ದ.

ಹೆಬ್ಬಳ್ಳಿ ಅಷ್ಟರಲ್ಲಿ ದೇಶದ ತಂಡದಲ್ಲಿ ಒಳಗೂ ಅಲ್ಲ, ಹೊರಗೂ ಅಲ್ಲ ಎನ್ನುವ ಸ್ಥಿತಿಯಲ್ಲಿದ್ದ. ಕೆಲವು ಟೆಸ್ಟ್ ಆಡಿದ್ದ. ದೊಡ್ಡ ಸ್ಕೋರು ಬಂದಿರಲಿಲ್ಲ. ಒಂದು ಚಳಿಗಾಲ ವಿದೇಶದ ತಂಡ ಬಂದಾಗ ಚರ್ಚ್‌ಗೇಟ್ ಬಳಿಯ ಸ್ಟೇಡಿಯಂನಲ್ಲಿ ನಡೆದ ಟೆಸ್ಟಿಗೆ ಅವನನ್ನು ಮತ್ತೆ ಕರೆದರು. ಕಲ್ಕೂರನಿಗೆ ಅದು ಮೊದಲ ಟೆಸ್ಟ್. ಅವನ ಮಾವ ಆ ದಿನ ಹೋಟೆಲಿಗೆ ಬಂದವರಿಗೆಲ್ಲ ಸಿರಾ ಹಂಚಿದರು. ಭಾಗೀರಥಿಬಾಯಿ ಇಬ್ಬರಿಗೂ ಸೇರಿಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಎರಡನೆಯ ದಿನ ಊಟದ ನಂತರ ಇಬ್ಬರೂ ಒಟ್ಟಿಗೆ ಬ್ಯಾಟ್ ಮಾಡುತ್ತಿದ್ದರು. ಹೆಬ್ಬಳ್ಳಿ ಮೊದಲ ನೂರರ ಹತ್ತಿರ ಬಂದಿದ್ದ, ಕಲ್ಕೂರ ಮೊದಲ ಐವತ್ತರ ಹತ್ತಿರ. ನೋಡಿದ್ದನ್ನಷ್ಟೇ ಬರೆಯುತ್ತೇನೆ. ಹೆಬ್ಬಳ್ಳಿ ಚೆಂಡನ್ನು ಕವರ್ ಕಡೆಗೆ ತಳ್ಳಿದ. ಕರೆಯಬೇಕಾದವನು ಅವನೇ. ಕಿಕ್ಕಿರಿದ ಸ್ಟೇಡಿಯಂ ಒಮ್ಮೆಲೇ ಗದ್ದಲವೆಬ್ಬಿಸಿತು. ಕಲ್ಕೂರ ಆ ತುದಿಯಿಂದ ಓಡಿಬಂದ. ಹೆಬ್ಬಳ್ಳಿ ಕ್ರೀಸಿನಲ್ಲೇ ನಿಂತಿದ್ದ, ಎಡಗೈ ಮೇಲಿತ್ತು. ಅರ್ಧ ದಾರಿಯಲ್ಲಿ ಕಲ್ಕೂರ ಹೆಬ್ಬಳ್ಳಿಯ ಮುಖ ನೋಡಿ ನಿಂತ, ಹಿಂದಕ್ಕೆ ತಿರುಗಿದ, ಜಾರಿದ. ಬೌಲರನ ತುದಿಯಲ್ಲಿ ಬೇಲ್ಸ್ ಹಾರಿದವು. ಮೇಲೆದ್ದವನು ಮೊಣಕಾಲಿನ ಧೂಳು ಒರೆಸಿಕೊಂಡು, ಯಾರನ್ನೂ ನೋಡದೆ ಪೆವಿಲಿಯನ್ನಿನ ಕಡೆಗೆ ನಡೆದ. ಅರ್ಧ ಗಂಟೆಯಲ್ಲಿ ಹೆಬ್ಬಳ್ಳಿ ನೂರು ಮುಟ್ಟಿದ.

ಸಂಜೆ ಪೆವಿಲಿಯನ್ನಿನ ಮೆಟ್ಟಿಲ ಮೇಲೆ ಹೆಬ್ಬಳ್ಳಿ ಸಿಕ್ಕ. ಏನು ಕೂಗಿದಿರಿ ಎಂದು ಕೇಳಿದೆ.

"ತಡಿ ಅಂದೆ," ಎಂದ.

ಒಳಗೆ ಮೂಲೆಯ ಬೆಂಚಿನಲ್ಲಿ ಕಲ್ಕೂರ ತಲೆಯ ಮೇಲೆ ಟವೆಲ್ ಹೊದ್ದು ಕೂತಿದ್ದ. ತೆರೆದ ಬಾಗಿಲಿನಿಂದ ಕಾಣುತ್ತಿದ್ದ. ಹತ್ತು ಹೆಜ್ಜೆ ದೂರ. ನಾನು ಒಳಗೆ ಹೋಗಿ ಅವನನ್ನು ಕೇಳಬೇಕಿತ್ತು. ಇಬ್ಬರ ನಡುವಿನ ವಿಷಯ ಬರೆಯುವಾಗ ಇಬ್ಬರನ್ನೂ ಕೇಳು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಆದರೆ ಮೊದಲ ಆವೃತ್ತಿಯ ಹೊತ್ತಾಗಿತ್ತು. ಆಫೀಸಿಗೆ ಹೋಗಿ ಟೈಪ್ ಮಾಡಿದೆ: ಹೆಬ್ಬಳ್ಳಿಯ ಸ್ಪಷ್ಟ ಕರೆಯನ್ನು ಲೆಕ್ಕಿಸದೆ ಓಡಿ ಕಲ್ಕೂರ ವಿಕೆಟ್ ಕಳೆದುಕೊಂಡರು. ಸ್ಪಷ್ಟ ಎಂದು ಹೆಬ್ಬಳ್ಳಿ ಹೇಳಿರಲಿಲ್ಲ. ಆ ವಿಶೇಷಣ ನನ್ನದು.

ಆ ವಾಕ್ಯ ನಾನೆಣಿಸಿದ್ದಕ್ಕಿಂತ ಹೆಚ್ಚು ದೂರ ಹೋಯಿತು. ಬೇರೆ ಪತ್ರಿಕೆಗಳು ಎತ್ತಿಕೊಂಡವು. ಮುಂದಿನ ಟೆಸ್ಟಿಗೆ ಕಲ್ಕೂರನನ್ನು ಕೈಬಿಟ್ಟಾಗ ಆಯ್ಕೆಗಾರರೊಬ್ಬರು, ಆಟ ಇದೆ, ಕಿವಿ ಇಲ್ಲ ಎಂದರಂತೆ. ಮೈದಾನಗಳಲ್ಲಿ ಅವನಿಗೆ ಬಹಿರಾ, ಅಂದರೆ ಕಿವುಡ, ಎಂಬ ಹೆಸರು ಬಿತ್ತು. ಬ್ಯಾಟ್ ಹಿಡಿದು ಬರುವಾಗ ಎದುರಾಳಿಗಳು ಕಿವಿಯ ಮೇಲೆ ಕೈಯಿಟ್ಟು, "ಬಹಿರಾ ಆಲಾ, ಕಿವುಡ ಬಂದ" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಕಿವಿ ಹಿಂಡಿಕೊಂಡು ತೋರಿಸುತ್ತಿದ್ದ.

ಹೆಬ್ಬಳ್ಳಿ ಆ ನೂರರ ಬಲದ ಮೇಲೆ ವಿದೇಶ ಪ್ರವಾಸಕ್ಕೆ ಹೋದ. ಅಲ್ಲಿಂದ ಕೇಬಲ್ ತಂತಿಯಲ್ಲಿ ಬರುತ್ತಿದ್ದ ಸುದ್ದಿಗಳನ್ನು ತಿದ್ದುವ ಕೆಲಸ ನನ್ನದಾಗಿತ್ತು. ಹೆಬ್ಬಳ್ಳಿ ಗಂಟೆಗಟ್ಟಲೆ ನಿಂತರು, ಹೆಬ್ಬಳ್ಳಿ ಒಂಟಿ ರನ್ ತೆಗೆಯಲಿಲ್ಲ, ಹೆಬ್ಬಳ್ಳಿ ರನೌಟ್. ಒಂದೇ ಪ್ರವಾಸದಲ್ಲಿ ಎರಡು ಬಾರಿ, ಎರಡೂ ಸಲ ಕರೆಯದೆ ನಿಂತು. ಹಿಂದಿರುಗಿದಾಗ ಅವನು ಮೌನಿಬುವಾ ಆಗಿದ್ದ. ಬೌಂಡರಿಗೆ ಹೋಗುವ ಚೆಂಡು ಬೌಂಡರಿಗೆ ಹೋಗುತ್ತಿತ್ತು. ಉಳಿದದ್ದನ್ನು ಆಡಿ ಸುಮ್ಮನೆ ನಿಲ್ಲುತ್ತಿದ್ದ. ಹಾಗೆ ಆಡಿದವನಿಗೆ ದೇಶದ ತಂಡದಲ್ಲಿ ಬಹಳ ದಿನ ಜಾಗವಿರುವುದಿಲ್ಲ. ಇರಲಿಲ್ಲ.

ಒಂದು ಬೆಳಿಗ್ಗೆ ಗ್ಯಾಲರಿಯಲ್ಲಿ ಶಾವಿಗೆ ಒಣಹಾಕುತ್ತಿದ್ದ ಭಾಗೀರಥಿಬಾಯಿ ನನ್ನನ್ನು ತಡೆದು ನಿಲ್ಲಿಸಿದರು. ಮಗ ಆಫೀಸಿಗೆ ಹೋಗಿದ್ದ.

"ನೀವು ಓದಿದವರು, ನಿಮಗss ಕೇಳ್ತೇನಿ," ಎಂದರು. "ನಿದ್ದಿಯೊಳಗ ಒಮ್ಮೆ ತಡಿ ಅಂತಾನ, ಒಮ್ಮೆ ನಡಿ ಅಂತಾನ. ಯಾರನ್ನ ಕರೀತಾನ, ಯಾರನ್ನ ನಿಲ್ಲಸ್ತಾನ? ಎಬ್ಬಿಸಿ ಕೇಳಿದ್ರ, ಯಾವುದು ಅಂದೆ ಅವ್ವಾ, ಖರೇ ಹೇಳು, ಯಾವುದು ಅಂದೆ ಅಂತ ನನ್ನss ತಿರುಗಿ ಕೇಳ್ತಾನ. ನಾ ಏನ್ ಹೇಳ್ಲಿ?"

ಬಿಸಿಲು ಶಾವಿಗೆಯ ಮೇಲೆ ಬಿದ್ದಿತ್ತು. ಅವರು ಒಂದೊಂದೇ ಎಳೆಯನ್ನು ಬಿಡಿಸಿ ಹಾಸುತ್ತಿದ್ದರು.

ಆ ರನೌಟಿನ ನಂತರದ ಮೂರನೆಯ ಮಳೆಗಾಲದಲ್ಲಿ ಕಲ್ಕೂರ ಹಿಂದೆಂದೂ ಆಡದ ಹಾಗೆ ಆಡಿದ. ಕೆಸರಿನ ಪಿಚ್ಚುಗಳಲ್ಲಿ, ಎಲ್ಲರೂ ತಡಕಾಡುವಲ್ಲಿ, ಅವನೊಬ್ಬನೇ ನೆಟ್ಟಗೆ ನಿಂತು ಹೊಡೆದ. ಚಳಿಗಾಲದ ಸರಣಿಗೆ ತಂಡ ಆರಿಸಲು ಹದಿನೈದು ದಿನವಿತ್ತು. ಅವನ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು ಹಳೆಯ ಮಾತೆತ್ತುತ್ತಿದ್ದರು: ಬಹಿರಾ. ಆ ವಾರ ಹೆಬ್ಬಳ್ಳಿ ಫೋರ್ಟಿನ ನಮ್ಮ ಆಫೀಸಿಗೆ ಬಂದ. ಹಿಂದೆಂದೂ ಬಂದವನಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟಿದ್ದ. ನನ್ನ ಮೇಜಿನ ಮುಂದೆ ಕೂರಲಿಲ್ಲ.

"ಪೇಪರ್‌ರಾಯರ, ಒಂದು ತಿದ್ದುಪಡಿ ಹಾಕಬೇಕ್ರಿ," ಎಂದ. "ಅವತ್ತು ತಪ್ಪು ನಂದು. ನಾ ನಡಿ ಅಂದಿದ್ದೆ."

"ತಡಿ ಅಂದೆ ಅಂತ ನೀವೇ ಹೇಳಿದಿರಿ."

"ಹೌದು, ಹೇಳಿದೆ. ಅವತ್ತು ಹಂಗss ಅನಿಸಿತ್ತು. ಆದ್ರ ಆಮ್ಯಾಲೆ ಕಿವಿಯೊಳಗ ನಡಿ ಅಂತನss ಕೇಳಸ್ತದ. ಚೆಂಡು ಹೊಡದಾಗ ರನ್ ಅದ ಅನಿಸ್ತು. ಬಾಯಾಗ ಮಾತು ಬಂತು. ಅಷ್ಟರಾಗ ನನ್ನ ನೂರು ನೆನಪಾತು, ಕಾಲು ನಿಂತ್ವು. ಕೈ ಎತ್ತಿದೆ. ಬಾಯಿ ಒಂದು ಹೇಳ್ಯದ, ಕೈ ಒಂದು ಹೇಳ್ಯದ."

"ಖಂಡಿತವಾಗಿ ಗೊತ್ತಾ?"

ಅವನು ಕಿಟಕಿಯಾಚೆಯ ಟ್ರಾಮಿನ ಕಡೆ ತಿರುಗಿದ. "ಗೊತ್ತಿದ್ರ ಮೂರು ವರ್ಷ ಯಾಕ ಬೇಕಿತ್ರಿ?" ಎಂದ. "ಯಾವುದರ ಇರ್ಲಿ. ಇನ್ನ ಹದಿನೈದು ದಿನ ಅದ. ವಾದ್ಯಾನ ಹೆಸರು ತೊಳೀರಿ. ನನಗ ಇನ್ನ ಆಡೂದು ಏನೂ ಉಳಿದಿಲ್ಲ, ಅಂವಂಗ ಉಳದದ."

ಈ ಸಲ ಇನ್ನೊಬ್ಬನನ್ನು ಕೇಳದೆ ಬರೆಯುವುದಿಲ್ಲ ಎಂದೆ. ಅವನು ಒಪ್ಪಿದ. "ಕೇಳ್ರಿ. ಅಂವಾ ಖರೇ ಹೇಳ್ತಾನ. ನಡಿ ಅಂದಿದ್ರss ಓಡ್ಯಾನ. ಇಲ್ಲಂದ್ರ ಅಂವಾ ಓಡಾವನss ಅಲ್ಲ."

ಮರುದಿನ ಬೆಳಿಗ್ಗೆ ಸಾಂತಾಕ್ರೂಜಿಗೆ ಹೋದೆ. ಕಲ್ಕೂರ ಗಲ್ಲಾದ ಹಿಂದೆ ಕೂತಿದ್ದ. ಕಾಫಿ ತರಿಸಿದ. ಹೆಬ್ಬಳ್ಳಿ ಹೇಳಿದ್ದನ್ನು ಹೇಳಿದೆ; ಅವನ ಮಾತು ಬೇಕು, ಅಚ್ಚಾಗುತ್ತದೆ, ಆಯ್ಕೆಗೆ ಮೊದಲೇ ಅಚ್ಚಾಗುತ್ತದೆ ಎಂದೂ ಹೇಳಿದೆ. ಕಲ್ಕೂರ ಎದುರಿದ್ದ ಬಿಲ್ಲುಗಳನ್ನು ಸರಿಸಿ ಮೊಳೆಗೆ ಚುಚ್ಚಿದ.

"ಅವ ತಡಿ ಅಂದದ್ದೇ, ರಾಯರೇ," ಎಂದ.

"ನೀವು ಕೇಳಿದಿರಾ?"

"ಕೇಳದೆ ಎಂತ? ಸರಿಯಾಗಿ ಕೇಳಿದ್ದೇನೆ. ಐವತ್ತರ ಆಸೆ, ಓಡಿಬಿಟ್ಟೆ. ನೀವು ಬರೆದದ್ದು ಸರಿ ಉಂಟು. ಇನ್ನು ಪ್ರಾಣೇಶಣ್ಣನ ಹೆಸರು ಪೇಪರಿಗೆ ಹಾಕ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ, ಪಾಪ."

ಇದರಿಂದ ನಿಮಗೇ ನಷ್ಟ ಎಂದೆ. ಅವನು ನಕ್ಕು, ತನ್ನ ಕಿವಿಯನ್ನು ಹಿಂಡಿ ತೋರಿಸಿ, ಮುಂದಿನ ಗಿರಾಕಿಯ ಬಿಲ್ಲಿಗೆ ಕೈ ಚಾಚಿದ.

ಒಬ್ಬ ನಡಿ ಅಂದೆ ಎನ್ನುತ್ತಾನೆ, ಖಚಿತವಿಲ್ಲ. ಇನ್ನೊಬ್ಬ ತಡಿ ಕೇಳಿದೆ ಎನ್ನುತ್ತಾನೆ, ಖಚಿತವಾಗಿ. ಯಾವ ಸಂಪಾದಕನೂ ಇದರ ಮೇಲೆ ತಿದ್ದುಪಡಿ ಹಾಕುವುದಿಲ್ಲ. ನಾನು ಕೇಳಲೂ ಇಲ್ಲ. ಎರಡು ವಾರದ ನಂತರ ತಂಡದ ಪಟ್ಟಿ ಟೆಲಿಪ್ರಿಂಟರಿನಲ್ಲಿ ಬಂತು. ಕಲ್ಕೂರನ ಹೆಸರಿರಲಿಲ್ಲ. ಮತ್ತೆ ಎಂದೂ ಬರಲಿಲ್ಲ.

ಕಲ್ಕೂರ ಏನೆಂದ ಎಂಬುದನ್ನು ಹೆಬ್ಬಳ್ಳಿಗೆ ನಾನು ಹೇಳಿದ್ದು ಪಾರ್ಲೆ ಸ್ಟೇಷನ್ನಿನ ಸೇತುವೆಯ ಮೇಲೆ, ಇಬ್ಬರೂ ಕೆಲಸದಿಂದ ಹಿಂದಿರುಗುವಾಗ. ಅವನ ಮೇಲಿನ ಭಾರ ಇಳಿಯಬಹುದೆಂದು ನಾನು ಎಣಿಸಿದ್ದೆ. ಅವನು ಸೇತುವೆಯ ಕಂಬಿ ಹಿಡಿದು ನಿಂತ.

"ಸುಳ್ಳು ಹೇಳ್ಯಾನ," ಎಂದ. "ತಡಿ ಅಂತ ಕೇಳಿದ್ರ ವಾದ್ಯಾ ಓಡಾಂವಲ್ಲ. ನನ್ನ ಮಾತು ಅಂವಾ ಎಂದೂ ದಾಟಿಲ್ಲ. ಅಂವಾ ಸುಳ್ಳು ಹೇಳ್ಯಾನ ಅಂದ್ರ ನಾ ನಡಿ ಅಂದದ್ದು ಖರೇ ಆತು. ಇಲ್ಲೀತನಾ ಸಂಶಯರ ಇತ್ತು, ಈಗ ಅದೂ ಇಲ್ಲ."

ಜನ ನಮ್ಮನ್ನು ತಳ್ಳಿಕೊಂಡು ಇಳಿಯುತ್ತಿದ್ದರು. ಅವನು ಕಂಬಿ ಬಿಟ್ಟು, "ಅಂವಾ ಬೈದಿದ್ರ ಛಲೋ ಇತ್ರಿ" ಎಂದ. ಅಷ್ಟೇ.

ಅವನು ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಕ್ಲಬ್ಬಿನವರು ಬಂದು ಕರೆದರು. ಬೆನ್ನು ನೋವು ಎಂದ. ತೊಲೆಗೆ ಕಟ್ಟಿದ್ದ ಕಾಲುಚೀಲ ಬಿಚ್ಚಿದ. ಕಂಪನಿಯಲ್ಲಿ ಕೇಳಿಕೊಂಡು ಮಲಾಡಿನ ಗೋದಾಮಿಗೆ ವರ್ಗ ಮಾಡಿಸಿಕೊಂಡು, ತಾಯಿಯನ್ನು ಕರೆದುಕೊಂಡು ಅಲ್ಲಿಗೇ ಹೋದ. ಕಲ್ಕೂರ ಒಂದೆರಡು ಸಲ ಮಲಾಡಿಗೆ ಹೋಗಿದ್ದನಂತೆ. ಹೆಬ್ಬಳ್ಳಿ ಅವನಿಗೆ ಚಹಾ ಕೊಟ್ಟು, ಹವಾಮಾನದ ಬಗ್ಗೆ ಮಾತಾಡಿ ಕಳಿಸುತ್ತಿದ್ದನಂತೆ. ನಾನು ಹೋದಾಗಲೂ ಹಾಗೆಯೇ. ನನ್ನನ್ನು ಬಿಡಲು ರಸ್ತೆಯವರೆಗೆ ಬಂದ. ಒಂದು ಬಯಲಿನಲ್ಲಿ ಹುಡುಗರು ಟೆನ್ನಿಸ್ ಚೆಂಡಿನಲ್ಲಿ ಆಡುತ್ತಿದ್ದರು. ಅವರು ಕೂಗುವುದು ಕೇಳಿಸಿದ್ದೇ ಅವನು ಹೆಜ್ಜೆ ಬದಲಿಸಿ ಇನ್ನೊಂದು ಗಲ್ಲಿಯಿಂದ ನನ್ನನ್ನು ಕರೆದುಕೊಂಡು ಹೋದ. ಅವನನ್ನು ನಾನು ಕೊನೆಯದಾಗಿ ನೋಡಿದ್ದು ಅವತ್ತು.

ಮರುವರ್ಷ ಕಾಮಾಲೆ ಬಂದು ಹತ್ತೇ ದಿನದಲ್ಲಿ ತೀರಿಕೊಂಡ. ಮಧ್ಯಾಹ್ನ ಸುದ್ದಿ ಬಂತು. ಎರಡು ಪ್ಯಾರಾ ಬರೆ ಎಂದು ಸುದ್ದಿ ಸಂಪಾದಕರು ಹೇಳಿದರು. ಹುಟ್ಟಿದ್ದು, ಆಡಿದ್ದು, ಆ ಒಂದು ನೂರು. ರನೌಟಿನ ಮಾತು ಬರೆದು, ಹೊಡೆದುಹಾಕಿ, ಮತ್ತೆ ಬರೆಯದೆ ಬಿಟ್ಟೆ. ಅಚ್ಚಿನ ಕರಡು, ಗ್ಯಾಲಿ ಪ್ರೂಫ್, ಕೈಗೆ ಬರುವ ಹೊತ್ತಿಗೆ ಕಲ್ಕೂರ ಬಂದ. ಮಲಾಡಿನಿಂದ ನೇರವಾಗಿ ಬಂದಿದ್ದ. ಸ್ಮಶಾನದಲ್ಲಿ ತೊಯ್ದ ಪಂಚೆ ಇನ್ನೂ ಆರಿರಲಿಲ್ಲ. ಪ್ರೂಫ್ ಕೊಟ್ಟೆ. ಎರಡು ಸಲ ಓದಿದ.

"ನನ್ನದು ಹಾಕ್ಲಿಲ್ಲ ನೀವು. ಒಳ್ಳೇದಾಯ್ತು," ಎಂದ.

ಈಗ ಕೇಳಿದರೆ ಯಾರಿಗೂ ಕೆಡುಕಿಲ್ಲ ಅನಿಸಿತು. "ಕಲ್ಕೂರರೇ, ಅವತ್ತು ನಿಮಗೆ ನಿಜವಾಗಿ ಏನು ಕೇಳಿಸಿತು?" ಎಂದೆ.

"ನನಗೆ ಎಂತದೂ ಕೇಳ್ಳಿಲ್ಲ ರಾಯರೇ," ಎಂದ. "ಜನ ಅಷ್ಟು ಬೊಬ್ಬೆ ಹೊಡೀತಿದ್ರು. ಅವನ ಬಾಯಿ ಅಲ್ಲಾಡಿದ್ದು ಮಾತ್ರ ಕಂಡಿತು. ನೀವೇ ಹೇಳಿ ನೋಡಿ, ಎರಡಕ್ಕೂ ಬಾಯಿ ಒಂದೇ ನಮೂನೆ ಅಲ್ಲಾಡ್ತದೆ. ಕರೆದ ಅಂತ ಗ್ರಹಿಸಿ ಓಡಿದೆ."

ನಾನು ತುಟಿಯಲ್ಲೇ ಹೇಳಿ ನೋಡಿದೆ. ಹೌದು. ಎರಡಕ್ಕೂ ನಾಲಗೆ ಹಲ್ಲಿನ ಹಿಂದಿನ ಅದೇ ಜಾಗ ಮುಟ್ಟುತ್ತದೆ.

"ಹಾಗಾದರೆ ನನಗೆ ಯಾಕೆ ತಡಿ ಅಂದ ಅಂತ ಹೇಳಿದಿರಿ?"

"ಅವನದ್ದು ಇದ್ದದ್ದು ಅದೊಂದೇ ನೂರು. ಅದಕ್ಕೆ ಕಲೆ ಹಚ್ಚಿ ನಾನು ಟೀಮಿಗೆ ಹೋಗುದಾ? ಅವ ನಿದ್ದೆ ಇಲ್ಲದೆ ಒದ್ದಾಡ್ತಿದ್ದ ಅಂತ ಗೊತ್ತಿತ್ತು ನನಗೆ. ತಡಿ ಅಂದದ್ದು ಹೌದು ಅಂತ ಆದ್ರೆ ಅವನಿಗೂ ನೆಮ್ಮದಿ ಅಲ್ವಾ? ಹಾಗೆ ಹೇಳಿದೆ." ಅವನು ಪ್ರೂಫನ್ನು ಮಡಿಚಿ, ಮತ್ತೆ ಬಿಡಿಸಿ, ನನ್ನ ಮೇಜಿನ ಮೇಲಿಟ್ಟ. "ನೀವು ಅವನಿಗೆ ಹೇಳಿದ್ರಿ ಅಲ್ವಾ ಅದು? ಅವನಿಗೆ ಸಮಾಧಾನ ಆಯ್ತಾ?"

ಕೆಳಗೆ ಮುದ್ರಣಯಂತ್ರ ಶುರುವಾಗಿ ಮೇಜು ಸಣ್ಣಗೆ ನಡುಗುತ್ತಿತ್ತು. ಕಂಪೋಸಿಂಗ್ ಕೋಣೆಯಿಂದ ಪ್ರೂಫಿಗಾಗಿ ಯಾರೋ ಕೂಗಿದರು. ಕಲ್ಕೂರ ನನ್ನ ಮುಖವನ್ನೇ ನೋಡುತ್ತಿದ್ದ.

"ಆಯ್ತು," ಎಂದೆ.